ಗದ್ದೆಯಿಂದ ಗದ್ದೆಗೆ ಇಳಿಯುವ ನೀರಿನೊಂದಿಗೆ ಯೂರಿಯಾ ಹೋಗುತ್ತಿದೆಯೇ? ಸಹಾಯ ಬೇಕು

ಗುಂಪಿನ ಸದಸ್ಯರಿಗೆ ನಮಸ್ಕಾರ.

ಪೊನ್ನಂಪೇಟೆ ಸಮೀಪದ ನಮ್ಮ ಭತ್ತದ ಗದ್ದೆಗಳಿಗೆ ತೋಡಿನ ನೀರೇ ಆಧಾರವಾಗಿದ್ದು, ಅದು ಬದುವಿನ ಕಂಡಿಗಳ ಮೂಲಕ ಮೇಲಿನ ಗದ್ದೆಯಿಂದ ಕೆಳಗಿನದಕ್ಕೆ ಇಳಿಯುತ್ತದೆ. ಮೇಲುಗೊಬ್ಬರವಾಗಿ ಯೂರಿಯಾವನ್ನು ಎಲ್ಲೆಡೆ ಸಮನಾಗಿ ಎರಚಿದ್ದರೂ ಮೇಲಿನ ಗದ್ದೆಯಲ್ಲಿ ಪೈರಿನ ಹಳೆಯ ಎಲೆಗಳು ತುದಿಯಿಂದ ಹಳದಿಯಾಗುತ್ತಿವೆ; ಕೊನೆಯ ಗದ್ದೆಯಲ್ಲಿ ಕಡುಹಸಿರಾಗಿ ಸೊಕ್ಕಿದ ಪೈರು ಮಳೆಗೆ ಮಲಗುತ್ತಿದೆ.

ಶೇ 46ರಷ್ಟು ಸಾರಜನಕವಿರುವ ಯೂರಿಯಾ ನೀರಿನಲ್ಲಿ ಬೇಗ ಕರಗುತ್ತದೆ, ಆದರೆ ಅಮೋನಿಯಂ ಆಗಿ ಮಾರ್ಪಟ್ಟ ನಂತರವೇ ಜೇಡಿಮಣ್ಣಿನ ಕಣಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ; ಅಲ್ಲಿಯವರೆಗೆ ಹರಿಯುವ ನೀರಿನ ಪಾಲು. ಗದ್ದೆ ಒಣಗಿದರೆ ಅಮೋನಿಯಂ ಮತ್ತೆ ಮಾರ್ಪಟ್ಟು ನೈಟ್ರೇಟ್ ಆಗುತ್ತದೆ, ಪುನಃ ನೀರು ನಿಂತಾಗ ಅದರಲ್ಲಿ ಒಂದಷ್ಟು ಆಳಕ್ಕೆ ಬಸಿದು, ಇನ್ನೊಂದಷ್ಟು ಅನಿಲವಾಗಿ ನಷ್ಟವಾಗುತ್ತದೆ. ಹಾಗಾಗಿ ನೀರನ್ನು ಬಸಿದು, ಕಂಡಿ ಮುಚ್ಚಿ, ಕೆಸರಿನ ಮೇಲೆ ಗೊಬ್ಬರ ಹಾಕುವುದೇ ಸರಿಯೆಂದು ನನಗೆ ತೋರುತ್ತದೆ. ಆದರೆ ನಮ್ಮ ನೀರು ಇಳಿದುಹೋಗುವ ಆಚೆಯ ಗದ್ದೆ ನೆರೆಮನೆಯವರದು. ನಾಟಿಯ ನಂತರ ಅವರ ನೀರು ತಡೆದರೆ ಎಂಥ ಜಗಳವಾಗುತ್ತದೆಂದು ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ಕಂಡಿಯನ್ನು ಕನಿಷ್ಠ ಎಷ್ಟು ದಿನ ಮುಚ್ಚಿಡಬೇಕು? ಕೊನೆಯ ಗದ್ದೆಗೆ ಮುಂದಿನ ಕಂತಿನ ಯೂರಿಯಾವನ್ನು ಪೂರ್ತಿ ಬಿಡಬಹುದೇ? ಬದುವಿನ ಪಕ್ಕದಲ್ಲಿ ಪ್ರತ್ಯೇಕ ಕಾಲುವೆ ತೆಗೆದು ಪ್ರತಿ ಗದ್ದೆಗೂ ಬೇರೆಯಾಗಿ ನೀರು ಕೊಡುತ್ತಿರುವವರು ಅದರ ಅಗಲ, ಇಳಿಜಾರು ಮತ್ತು ತಗಲಿದ ಖರ್ಚನ್ನು ದಯವಿಟ್ಟು ತಿಳಿಸಿ.