‘ಉನ್ಮಾದ’ಕ್ಕೆ ರೋಗಿಯ ಮನೆಯವರಿಗೆ ತಿಳಿಯುವ ಮಾತು ಯಾವುದು?

ವೈದ್ಯಕೀಯ ಬರಹಗಳಲ್ಲಿ ‘ಮೇನಿಯಾ’ಕ್ಕೆ, ಎಂದರೆ ಮನಸ್ಸು ದಿನಗಟ್ಟಲೆ ಮಿತಿಮೀರಿ ಉಬ್ಬಿ ಇಲ್ಲವೇ ಸಿಡುಕಾಗಿ ಚಟುವಟಿಕೆ ಹೆಚ್ಚುವ ಕಾಯಿಲೆಯ ಸ್ಥಿತಿಗೆ, ‘ಉನ್ಮಾದ’ ಎಂದು ಬರೆಯುವುದು ರೂಢಿ. ದಾವಣಗೆರೆಯಲ್ಲಿ ಮನೋರೋಗಿಗಳನ್ನು ನೋಡುವ ನನಗೆ ಈ ಪದ ಕಾಗದದ ಮೇಲೆ ಒದಗುವಷ್ಟು ಬಾಯಿಮಾತಿನಲ್ಲಿ ಒದಗುತ್ತಿಲ್ಲ. ಚರಕಸಂಹಿತೆ ಐದು ಬಗೆಯ ಉನ್ಮಾದಗಳನ್ನು ಹೇಳುತ್ತದೆ. ಅಲ್ಲಿ ಅದರ ವ್ಯಾಪ್ತಿ ಮೇನಿಯಾಕ್ಕಿಂತ ಬಹಳ ದೊಡ್ಡದು. ಜಗಳೂರು, ಚನ್ನಗಿರಿ ಕಡೆಯಿಂದ ಬಂದವರೂ ಅದನ್ನು ಹುಚ್ಚೆಂದೇ ತಿಳಿದು, ‘ಅಂಥದ್ದು ನಮ್ಮ ಮನೆತನದಾಗೆ ಇಲ್ಲ ಸಾರ್’ ಎಂದು ಮಾತು ಮುಗಿಸುತ್ತಾರೆ.

ಆದರೆ ಈ ಪ್ರಶ್ನೆಯನ್ನು ಬಿಡುವಂತಿಲ್ಲ. ಖಿನ್ನತೆಯೆಂದು ಬಂದವರಿಗೆ ಹಿಂದೆ ಎಂದಾದರೂ ಮೇನಿಯಾ ಆಗಿತ್ತೇ ಎಂಬುದು ತಿಳಿಯದೆ ಹೋದರೆ, ಮೇನಿಯಾ, ಖಿನ್ನತೆ ಎರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆಯನ್ನು ಬರಿಯ ಖಿನ್ನತೆಯೆಂದು ಭಾವಿಸಿ, ಮನಸ್ಸಿನ ಏರಿಳಿತವನ್ನು ಹತೋಟಿಯಲ್ಲಿಡುವ ಲಿಥಿಯಂನಂಥ ಔಷಧವನ್ನು ಜೊತೆಗೆ ಕೊಡದೆ ಖಿನ್ನತೆಯ ಮಾತ್ರೆಯೊಂದನ್ನೇ ಬರೆದುಕೊಡುವಂತಾಗುತ್ತದೆ; ಕೆಲವರಲ್ಲಿ ಆ ಮಾತ್ರೆಯೇ ಮೇನಿಯಾವನ್ನು ಕೆದಕುತ್ತದೆ. ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇದನ್ನು ಹೇಳಿಕೊಡದು, ಮನೆಯವರನ್ನು ಕೇಳಿಯೇ ತಿಳಿಯಬೇಕು.

‘ವಿಪರೀತ ಖುಷಿಯಾಗಿದ್ದರಾ?’ ಎಂದು ಕೇಳಿದರೆ ಮಗಳ ಮದುವೆಯ ಸುದ್ದಿ ಬರುತ್ತದೆ. ಮೇಲಾಗಿ ಮೇನಿಯಾದಲ್ಲಿ ಖುಷಿಗಿಂತ ಸಿಡುಕೇ ಮುಂದಾಗಿರುವುದೂ ಉಂಟು. ಕೈಬಿಚ್ಚಿ ಖರ್ಚು ಮಾಡಿದ್ದನ್ನು ಕೇಳೋಣವೆಂದರೆ, ಅಡಿಕೆ ತೋಟ ಒಣಗುವ ವರ್ಷ ಸಾಲ ಮಾಡಿ ಒಂದರ ಮೇಲೊಂದು ಬೋರು ಕೊರೆಸುವುದು ಚನ್ನಗಿರಿ ಸೀಮೆಯಲ್ಲಿ ಕಾಯಿಲೆಯ ಲಕ್ಷಣವಲ್ಲ (ಹಾಗೆಂದುಕೊಂಡರೆ ಊರಿಗೂರೇ ವಾರ್ಡು ಸೇರಬೇಕಾದೀತು). ಸದ್ಯಕ್ಕೆ ನನ್ನ ಕೈಹಿಡಿದಿರುವುದು ನಿದ್ದೆಯ ಪ್ರಶ್ನೆ: ‘ವಾರಗಟ್ಟಲೆ ನಿದ್ದಿ ಇಲ್ದಿದ್ರೂ ಸುಸ್ತಾಗ್ದಂಗೆ ಮಾತಾಡ್ಕೆಂತ ಓಡಾಡಿದ್ದು ಐತಾ?’ ನಿದ್ದೆ ಬಾರದೆ ಒದ್ದಾಡುವುದಕ್ಕೂ ನಿದ್ದೆಯೇ ಬೇಡವಾಗುವುದಕ್ಕೂ ಇರುವ ಅಂತರ ಇಲ್ಲಿ ಒಡನೆಯೇ ತಿಳಿಯುತ್ತದೆ. ಆದರೆ ಇದು ವಾಕ್ಯವಾಯಿತು, ಪದವಾಗಲಿಲ್ಲ.

‘ಅತಿ ಉಮೇದು’ ಎಂಬುದನ್ನು ಬಳಸಬಹುದೇ ಎಂಬುದು ನನ್ನ ಪ್ರಶ್ನೆ. ಅದರಲ್ಲಿ ಅವಮಾನದ ಸೋಂಕಿಲ್ಲ, ಆದ್ದರಿಂದ ಮನೆಯವರು ಬಾಯಿ ಬಿಡುತ್ತಾರೆ. ಸಿಡುಕು ಮಾತ್ರ ಅದರೊಳಗೆ ಅಡಗುವುದಿಲ್ಲ. ಮೇನಿಯಾದಷ್ಟು ತೀವ್ರವಲ್ಲದ, ನಾಲ್ಕು ದಿನವಾದರೂ ಇರುವ ‘ಹೈಪೊಮೇನಿಯಾ’ಕ್ಕೆ ‘ಅಲ್ಪೋನ್ಮಾದ’ ಎನ್ನುವುದಕ್ಕಿಂತ ಬರಿಯ ‘ಉಮೇದು’ ಹೊಂದೀತೆಂದು ನನ್ನ ಎಣಿಕೆ, ಆದರೆ ಆರೋಗ್ಯವಂತರ ಉತ್ಸಾಹಕ್ಕೂ ಅದೇ ಪದವಿರುವುದು ತೊಡಕು. ಸಿಡುಕು, ಸಡಗರ ಎರಡನ್ನೂ ಒಳಗೊಳ್ಳುವ ಆಡುಮಾತು ಹಿರಿಯೂರು, ಹೊಳಲ್ಕೆರೆ ಕಡೆ ಬಳಕೆಯಲ್ಲಿದ್ದರೆ, ಅದನ್ನು ಯಾರು, ಯಾರ ಬಗ್ಗೆ ಆಡುತ್ತಾರೆಂಬ ವಿವರದೊಡನೆ ದಯವಿಟ್ಟು ತಿಳಿಸಿ.