ಬಚ್ಚಲುಮನೆಗೆ ಅರ್ಧ ಅಡಿ ಮೆಟ್ಟಿಲು ಬೇಕೇ ಬೇಕಂತೆ, ಬೇರೆ ದಾರಿ ಇಲ್ವಾ? (ಚಿತ್ರದುರ್ಗ)

ಬುರುಜನಹಟ್ಟಿಯವ:
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಎರಡೂ ಮಂಡಿ ನೋವು. ಈಗಿರೋ ಬಚ್ಚಲು ಹಿತ್ತಲಲ್ಲಿದೆ, ಹಂಡೆ ಒಲೆ ಸಮೇತ. ರಾತ್ರಿ ಎದ್ದು ಅಲ್ಲಿಗೆ ಹೋಗೋದು ಅವರ ಕೈಲಿ ಆಗ್ತಿಲ್ಲ. ಅವರ ಕೋಣೆಗೆ ಅಂಟಿಕೊಂಡೇ 5 ಅಡಿ ಅಗಲ, 7 ಅಡಿ ಉದ್ದದ ಸಾಮಾನು ರೂಮಿದೆ, ಅದನ್ನೇ ಬಚ್ಚಲು ಮಾಡೋಣ ಅಂತ ಹೊರಟಿದ್ದೀವಿ. ಟೈಲ್ಸ್ ನೋಡಿ ಬಂದಾಯ್ತು. ತಟ್ಟೆ ಅಗಲದ ರೇನ್ ಶವರ್ ಒಂದು ನನ್ನ ಹೆಂಡತಿಗೆ ಹಿಡಿಸಿದೆ.

ತೊಂದರೆ ಏನಂದ್ರೆ, ಮೇಸ್ತ್ರಿ ಬಂದು ನೋಡಿ "ಕಮೋಡ್ ಕೂರಿಸಬೇಕಂದ್ರೆ ನೆಲ ಅರ್ಧ ಅಡಿ ಏರಿಸಬೇಕು, ಬಾಗಿಲಲ್ಲಿ ಒಂದು ಮೆಟ್ಟಿಲು ಬರ್ತದೆ" ಅಂದ್ರು. ಕೆಳಗೆ ಅಗೆಯೋಣ ಅಂದ್ರೆ ಒಂದಡಿಗೇ ಹಾರೆ ಠಣ್ ಅನ್ನುತ್ತೆ, ನಮ್ಮ ದುರ್ಗದ ನೆಲ ಗೊತ್ತಲ್ಲ. ಮಂಡಿ ನೋವಿನವರಿಗೆ ಅಂತ ಕಟ್ಟೋ ಬಚ್ಚಲಿಗೇ ಮೆಟ್ಟಿಲಾ?

ಸಿಮೆಂಟ್ ಧೂಳು:
ಏರಿಸಿಬಿಡಿ ಸಾರ್. ಮೆಟ್ಟಿಲಿನ ಬದಲು ಇಳಿಜಾರು ರ‍್ಯಾಂಪ್ ಮಾಡಿಸಿದ್ರೆ ಮುಗೀತು.

ಪೈಪಣ್ಣ, ದಾವಣಗೆರೆ:
ಧೂಳಣ್ಣ, ಅರ್ಧ ಅಡಿ ಏರೋಕೆ ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿ 6 ಅಡಿ ಉದ್ದದ ರ‍್ಯಾಂಪ್ ಬೇಕು. ಅವರಮ್ಮನ ಮಂಚ ಎಲ್ಲಿಗೆ ಒಯ್ಯೋಣ?

ಬುರುಜನಹಟ್ಟಿ ಸರ, ಟೈಲ್ಸು ಶವರ್ರು ಆಮೇಲೆ. ಮೊದ್ಲು ಮೂರು ವಿಷಯ ಹೇಳ್ರಿ. ಹೊರಗಿನ ಚೇಂಬರಿಗೆ (ಕೊಳಚೆ ನೀರು ಸೇರೋ ಗುಂಡಿ) ಬಂದು ಸೇರೋ ಪೈಪಿನ ತಳ ನಿಮ್ಮ ರೂಮಿನ ನೆಲಕ್ಕಿಂತ ಎಷ್ಟು ಇಂಚು ಕೆಳಗಿದೆ? ಚೇಂಬರ್ ಎಷ್ಟು ದೂರ? ಕಮೋಡ್ ಹೊರಗೋಡೆಗೆ ಬರ್ತದೋ ಒಳಗೋಡೆಗೋ? ಕಣ್ಣಳತೆ ಬೇಡ, ಟ್ಯೂಬ್ ಲೆವೆಲ್ (ಮಟ್ಟ ನೋಡೋಕೆ ನೀರು ತುಂಬಿದ ಪಾರದರ್ಶಕ ಟ್ಯೂಬು) ಹಿಡೀರಿ.

ಬುರುಜನಹಟ್ಟಿಯವ:
ಅಳೆದೆ ಅಣ್ಣ. ಚೇಂಬರ್ 12 ಅಡಿ ದೂರ. ಕಮೋಡ್ ಹೊರಗೋಡೆಗೇ. ಪೈಪಿನ ತಳ 6 ಇಂಚು ಕೆಳಗೆ. ಮೇಸ್ತ್ರಿಯೂ ಅಂದಾಜಲ್ಲಿ ಅಷ್ಟೇ ಹೇಳಿದ್ರು.

ಪೈಪಣ್ಣ, ದಾವಣಗೆರೆ:
ಟ್ಯೂಬಿನಾಗೆ ಗುಳ್ಳೆ ಇತ್ತೇನ್ರಿ? ಒಂದು ಗುಳ್ಳೆ ಉಳಿದ್ರೂ ಮಟ್ಟ ಸುಳ್ಳು ಹೇಳ್ತದೆ. ಎರಡೂ ತುದಿ ಅಕ್ಕಪಕ್ಕ ಹಿಡಿದು, ನೀರು ಒಂದೇ ಮಟ್ಟಕ್ಕೆ ನಿಂತಿದೆಯಾ ನೋಡ್ಕೊಂಡು ಆಮೇಲೆ ಅಳೀರಿ.

ಬುರುಜನಹಟ್ಟಿಯವ:
ಗುಳ್ಳೆ ಇತ್ತು! ಮಗಳು ಆ ತುದಿ, ನಾನು ಈ ತುದಿ. ಟ್ಯೂಬು ಸುತ್ತಿಕೊಂಡಿದ್ದ ಕಡೆ ಹೆಬ್ಬೆರಳುದ್ದದ ಗಾಳಿ ಸಿಕ್ಕಿಹಾಕಿಕೊಂಡಿತ್ತು. ಬೆರಳಲ್ಲಿ ತಟ್ಟಿ ತಟ್ಟಿ ಮೇಲಕ್ಕೆ ಓಡಿಸಿ ಮತ್ತೆ ಅಳೆದ್ವಿ. 9 ಇಂಚು. ಎರಡು ಸಲ ನೋಡಿದೆ, 9.

ಪೈಪಣ್ಣ, ದಾವಣಗೆರೆ:
ಹಂಗಾದ್ರೆ ಮೆಟ್ಟಿಲು ಬೇಡ. ಲೆಕ್ಕ ನೋಡ್ರಿ.

ನಿಮ್ಮ ಮೇಸ್ತ್ರಿ ಎಸ್ ಟ್ರ್ಯಾಪ್ ಕಮೋಡ್ ಮನಸ್ಸಲ್ಲಿಟ್ಟುಕೊಂಡಿದ್ದಾರೆ. ಅದರ ನೀರು ನೆಟ್ಟಗೆ ನೆಲದೊಳಗೆ ಇಳೀತದೆ. ನೆಲದಡಿ ನಾಲ್ಕಿಂಚಿನ ಪೈಪಿನ ಬೆಂಡಿಗೇ ಸುಮಾರು 8 ಇಂಚು ಹೋಯ್ತು. ಅಡಿಗೆ ಕಾಲಿಂಚು ವಾಟ (ಇಳಿಜಾರು) ಅಂದ್ರೆ 12 ಅಡಿಗೆ 3 ಇಂಚು. ಒಟ್ಟು 11. ಅವರ ಅಂದಾಜಲ್ಲಿ ಇದ್ದದ್ದು 6, ಕಮ್ಮಿ ಬಿದ್ದ 5 ಇಂಚನ್ನೇ ಅರ್ಧ ಅಡಿ ಅಂದಿದ್ದಾರೆ. ಅವರ ಲೆಕ್ಕದಾಗೆ ಅವರು ಸರಿ.

ನೀವು ಪಿ ಟ್ರ್ಯಾಪ್ ತಗೊಳ್ರಿ. ಅದರ ಬಾಯಿ ಹಿಂದಕ್ಕಿರ್ತದೆ, ನೆಲದಿಂದ ಸುಮಾರು 7 ಇಂಚು ಮೇಲೆ ಗೋಡೆ ತೂತಿನಿಂದ ನೆಟ್ಟಗೆ ಹೊರಗೆ ಹೋಗ್ತದೆ. ಹೊರಗೆ ಹೋದ್ಮೇಲೆ ಇಳಿಸಿಕೊಂಡ್ರೆ ಆಯ್ತು. ಕಮೋಡಿಗಾಗಿ ಒಳಗೆ ಒಂದಿಂಚೂ ಅಗೆಯೋದು ಬೇಡ. ಕೊಳ್ಳೋ ಮುಂಚೆ ಆ ಮಾಡೆಲ್ಲಿನ ಅಳತೆ ಚೀಟಿ ಈಸ್ಕೊಂಡು ಮೇಸ್ತ್ರಿ ಕೈಗೆ ಕೊಡ್ರಿ.

ಉಳೀತು ಸ್ನಾನದ ನೀರು. ಮೂರಿಂಚಿನ ಪೈಪು, ನೆಲದ ಜಾಲರಿ ಕೆಳಗಿನ ನಹಾನಿ ಟ್ರ್ಯಾಪಿಂದ ಹೊರಡೋ ಜಾಗದಲ್ಲಿ ಅದರ ತಳ ನೆಲದಿಂದ ನಾಲ್ಕೂವರೆ ಇಂಚು ಕೆಳಗೆ. ಜೊತೆಗೆ ವಾಟದ 3. ಏಳೂವರೆ ಆಯ್ತು, ಒಂದೂವರೆ ಇಂಚು ಕೈಯಾಗೆ ಉಳೀತು. ಟ್ರ್ಯಾಪಿನ ಹೊಟ್ಟೆ ಕೂರೋ ಜಾಗದಲ್ಲಿ ಮಾತ್ರ ಸ್ವಲ್ಪ ಆಳಕ್ಕೆ ತೆಗೀಬೇಕು, ಬಂಡೆ ಸಿಗೋದ್ರೊಳಗೆ ಮುಗೀತದೆ. ಆ ಹೊಟ್ಟೆಯಾಗೆ ಎರಡಿಂಚು ನೀರು ನಿಂತಿರಬೇಕು, ಇಲ್ಲಾಂದ್ರೆ ಚೇಂಬರಿನ ನಾತ ಕೋಣೆಗೇ ಬರ್ತದೆ.

ನಿಮ್ಮ ಕೋಟೆ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದ್ರೆ ಅಕ್ಕ-ತಂಗಿ ಹೊಂಡ, ಅಲ್ಲಿಂದ ಸಿಹಿನೀರು ಹೊಂಡ, ಕೆಳಗೆ ಊರಾಗೆ ಸಂತೆ ಹೊಂಡ. ಪಂಪಿಲ್ಲ ಏನಿಲ್ಲ, ಬರೀ ವಾಟ. ಅವರೂ ಬಂಡೆ ಮೇಲೇ ಮಾಡಿದ್ದು ಸರ.

ಹೊಳಲ್ಕೆರೆ ಸೊಸೆ:
ಅತ್ತೆಗಾಗಿ ಇದೇ ಕೆಲಸ ಮಾಡಿಸಿದ್ದೀನಿ, ಅದಕ್ಕೇ ಹೇಳ್ತೀನಿ. ಬಾಗಿಲು ಹೊರಗಡೆಗೆ ತೆಗೆಯೋ ಹಾಗಿರಲಿ. ಒಳಗೆ ಬಾಗಿಲಿಗೆ ಅಡ್ಡವಾಗಿ ಬಿದ್ದರೆ ಒಳತೆರೆಯೋ ಬಾಗಿಲನ್ನ ದೂಡೋಕೇ ಆಗಲ್ಲ. ಚಿಲಕವೂ ಹೊರಗಿಂದ ತೆಗೆಯೋಕೆ ಬರೋಂಥದ್ದು ಹಾಕಿಸಿ.

ನಮ್ಮತ್ತೆ ಕಮೋಡಿಂದ ಏಳೋವಾಗ ಟವೆಲ್ ರಾಡು ಹಿಡ್ಕೊಳ್ಳೋರು. ಒಂದು ಬೆಳಗ್ಗೆ ರಾಡು, ಮೊಳೆ, ಎರಡು ಟೈಲ್ಸು ಎಲ್ಲಾ ಅವರ ಕೈಗೇ ಬಂತು. ದೇವರು ದೊಡ್ಡವನು, ಬಕೆಟ್ ಮೇಲೆ ಕೂತರು. ಹಿಡಿಕೆಯನ್ನ ಟೈಲ್ಸ್ ಹಿಂದಿನ ಗಟ್ಟಿ ಗೋಡೆಗೇ ಬೋಲ್ಟ್ ಹಾಕಿ ಬಿಗಿಸಿ. ಎಲ್ಲಿ ಬೇಕು ಅಂತ ಅಮ್ಮನನ್ನ ಕುರ್ಚಿ ಮೇಲೆ ಕೂರಿಸಿ, ಎಬ್ಬಿಸಿ, ಕೈ ಹೋಗೋ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಮಾಡ್ಕೊಳ್ಳಿ. ಅಂಟಿಸೋ ರಬ್ಬರ್ ಬಟ್ಟಲಿನ ಹಿಡಿಕೆ ನಂಬಬೇಡಿ. ನೆಲಕ್ಕೆ ಮ್ಯಾಟ್ ಟೈಲ್ಸೇ, ಅದರಲ್ಲೂ ಒಂದಡಿಯವು. ದೊಡ್ಡ ಟೈಲ್ಸಿಗೆ ಜಾಲರಿ ಕಡೆ ವಾಟ ಕೂರಿಸೋದು ಕಷ್ಟ.

ಬುರುಜನಹಟ್ಟಿಯವ:
ಅಕ್ಕ, ತುಂಬಾ ಉಪಕಾರ ಆಯ್ತು. ಪೈಪಣ್ಣ, ರೇನ್ ಶವರ್ ಬಗ್ಗೆ ಒಂದು ಮಾತು ಹೇಳಿ, ಮನೇಲಿ ಕೇಳ್ತಿದ್ದಾರೆ. ಒಂದೇ ಅಂತಸ್ತಿನ ಮನೆ, ಟ್ಯಾಂಕ್ ತಾರಸಿ ಮೇಲೇ ಕೂತಿದೆ. ಬೋರ್ ನೀರು.

ಪೈಪಣ್ಣ, ದಾವಣಗೆರೆ:
ಮನೇಲಿ ಜಗಳ ಹಚ್ಚೋ ಕೆಲಸ ಕೊಟ್ರಿ. ನೀರು 10 ಮೀಟರ್ ಮೇಲಿದ್ರೆ ಒಂದು ಬಾರ್ ಒತ್ತಡ. ನಿಮ್ಮ ಟ್ಯಾಂಕಿನ ತಳಕ್ಕೂ ಶವರಿಗೂ ಐದಡಿ ಇದ್ರೆ ಹೆಚ್ಚು, ಅಂದ್ರೆ 0.15 ಬಾರ್. ಪಂಪ್ ಇಲ್ದೆ ಆ ತಟ್ಟೆಯಿಂದ ಮಳೆ ಬರಲ್ಲ, ಸೋರ್ತದೆ ಅಷ್ಟೆ. ಬೋರಿನ ಗಡಸು ನೀರಿಗೆ ತೂತುಗಳೂ ಬೇಗ ಕಟ್ಕೊಳ್ತವೆ. ಕೈಶವರ್ ಹಾಕಿ, ಟ್ಯಾಂಕಿಂದ ಬರೋ ಪೈಪು ಒಂದಿಂಚಿಂದು ಇಳಿಸ್ರಿ. ಅಮ್ಮನಿಗೆ ಕೂತು ಸ್ನಾನಕ್ಕೂ ಅದೇ ಅನುಕೂಲ.

ಬಿಸಿನೀರಿಗೆ ಸಿಪಿವಿಸಿ ಪೈಪೇ ಆಗಬೇಕು, ತಣ್ಣೀರಿನ ಬಿಳಿ ಯುಪಿವಿಸಿ ಬಿಸಿಗೆ ಬಾಗ್ತದೆ. 2000 ವಾಟಿನ ಗೀಸರ್ ಹತ್ತಿರ ಹತ್ತಿರ 9 ಆಂಪ್ ಎಳೀತದೆ; 16 ಆಂಪಿನ ಪಾಯಿಂಟು, ಒಳ್ಳೆ ಅರ್ಥಿಂಗ್, ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ 30 ಮಿಲಿ ಆಂಪಿನ ಆರ್‌ಸಿಸಿಬಿ ಸ್ವಿಚ್ಚು. ಇದರಾಗೆ ಚೌಕಾಸಿ ಬೇಡ.

ಬುರುಜನಹಟ್ಟಿಯವ (ಒಂದೂವರೆ ತಿಂಗಳ ನಂತರ):
ಕೆಲಸ ಮುಗೀತು. ಮೇಸ್ತ್ರಿ ಮೊದಲು ಮುಖ ಗಂಟು ಹಾಕಿದ್ರು, ಅಳತೆ ಚೀಟಿ ತೋರಿಸಿದ ಮೇಲೆ "ಹಿಂಗೂ ಮಾಡಬಹುದು ಬಿಡ್ರಿ" ಅಂದ್ರು. ಟೈಲ್ಸಿಗೆ ಮುಂಚೆ ವಾಟರ್‌ಪ್ರೂಫಿಂಗ್ ಬಳಿದು, ಜಾಲರಿ ಮುಚ್ಚಿ, ಎರಡಿಂಚು ನೀರು ನಿಲ್ಲಿಸಿದ್ವಿ. ಗೋಡೆ ಮೇಲೆ ಪೆನ್ಸಿಲ್ ಗೆರೆ ಎಳೆದಿದ್ದೆ. ಮರುದಿನ ನೀರು ಗೆರೆಗಿಂತ ಅರ್ಧ ಇಂಚು ಇಳಿದಿತ್ತು! ನಹಾನಿ ಟ್ರ್ಯಾಪಿನ ಕತ್ತಿನ ಸುತ್ತ ಕೂದಲೆಳೆ ಬಿರುಕು. ಅಲ್ಲಿ ಕೆರೆದು, ಮತ್ತೆ ಬಳಿದು, ಈ ಸಲ 48 ಗಂಟೆ ಬಿಟ್ವಿ. ಗೆರೆ ಹತ್ತಿರವೇ ನಿಂತಿತ್ತು.

ಬಾಗಿಲಲ್ಲಿ ಅರ್ಧ ಇಂಚಿನ ಕಲ್ಲುಪಟ್ಟಿ ಬಿಟ್ರೆ ಏನೂ ಇಲ್ಲ. ಅಮ್ಮ ಹಿಡಿಕೆ ಹಿಡಿದು ತಾವೇ ಏಳ್ತಾರೆ. ಸ್ನಾನಕ್ಕೆ ಮಾತ್ರ ಈಗಲೂ ಹಿತ್ತಲಿಗೇ ಹೋಗ್ತಾರೆ, ಗೀಸರ್ ನೀರು ಹಂಡೆ ನೀರಿನಷ್ಟು ಮೈಗೆ ಹಿಡಿಯಲ್ವಂತೆ. ಇದಕ್ಕೇನಾದ್ರೂ ಪರಿಹಾರ ಇದ್ರೆ ಹೇಳಿ ಅಣ್ಣ.

ಪೈಪಣ್ಣ, ದಾವಣಗೆರೆ:
ಇದಕ್ಕೆ ನನ್ನತ್ರ ಪೈಪಿಲ್ಲ ಸರ. ಹಿತ್ತಲ ದಾರಿಗೂ ಒಂದು ಹಿಡಿಕೆ ಹಾಕಿಸ್ರಿ.