ಸಹಾಯ ಬೇಕು: ತಲೆಸುತ್ತಿನ ಮಾತ್ರೆ ಶುರುವಾದ ಮೇಲೆ ಅಮ್ಮ ಮಂಕಾಗಿದ್ದಾರೆ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 64 ವರ್ಷ. ತಲೆಸುತ್ತಿಗೆ ಅಂತ ಎರಡು ತಿಂಗಳಿಂದ ರಾತ್ರಿ ಫ್ಲುನರಿಜಿನ್ 10 ಮಿ.ಗ್ರಾಂ ತೆಗೆದುಕೊಳ್ಳುತ್ತಿದ್ದಾರೆ. ಸುತ್ತು ನಿಂತಿದೆ, ನಿಜ. ಆದರೆ ಅಮ್ಮನೇ ಬದಲಾಗಿದ್ದಾರೆ. ಬೆಳಗ್ಗೆ ಐದಕ್ಕೆ ಎದ್ದು ರಂಗೋಲಿ ಹಾಕುತ್ತಿದ್ದವರು ಈಗ ಹಾಸಿಗೆ ಬಿಟ್ಟು ಏಳುವುದಿಲ್ಲ. ಸುಮ್ನೆ ಕೂತಲ್ಲೇ ಅಳುತ್ತಾರೆ. ಯಾಕಮ್ಮಾ ಅಂದರೆ, "ಏನೋ ಗೊತ್ತಿಲ್ಲ ಕಣೋ" ಅನ್ನುತ್ತಾರೆ. ವಯಸ್ಸಾಯ್ತಲ್ಲ, ಅದಕ್ಕೇ ಇರಬೇಕು ಅಂದುಕೊಂಡಿದ್ದೆವು. (ಅಪ್ಪ ದೃಷ್ಟಿ ತೆಗೆಸಿದ್ದೂ ಆಯ್ತು!)

ನಿನ್ನೆ ಮಾತ್ರೆ ಜೊತೆಗಿನ ಚೀಟಿ ಓದಿದೆ. ಖಿನ್ನತೆ, ಕೈನಡುಕ ಬರಬಹುದು, ವಯಸ್ಸಾದವರಲ್ಲಿ ಜಾಸ್ತಿ ಅಂತಿದೆ. ಅಮ್ಮನ ಬಲಗೈಯೂ ಸ್ವಲ್ಪ ನಡುಗುತ್ತಿದೆ. ಮಾತ್ರೆ ಬರೆದುಕೊಟ್ಟ ಡಾಕ್ಟರ್ ಸೋಮವಾರವೇ ಸಿಗೋದು. ಅಲ್ಲಿಯವರೆಗೆ ಕಾಯಬೇಕಾ, ಇಲ್ಲ ಇವತ್ತೇ ಬೇರೆಯವರ ಹತ್ತಿರ ತೋರಿಸಲಾ?

ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತಾ? ಮಾತ್ರೆ ನಿಲ್ಲಿಸಿದ ಮೇಲೆ ಸರಿಹೋಗಲು ಎಷ್ಟು ದಿನ ಬೇಕಾಯಿತು? ಬದಲಿಗೆ ಏನು ಕೊಟ್ಟರು?